ಕಚ್ಚುವ ಉಪ್ಪುನೀರು: ಒಂಬತ್ತನೆಯ ಕಂತು

ಸಹೃದಯ ವಾಚಕ ಮಹಾಶಯರ ಸನ್ನಿಧಿಯಲ್ಲಿ ಒಂದು ವಿಜ್ಞಾಪನೆ. ಕಳೆದ ವಾರ ಅಪರಾಧಿ ಸಿಕ್ಕನೆಂದು ಸಮಾಧಾನಪಟ್ಟು ಪತ್ರಿಕೆಯನ್ನು ಮಡಿಚಿಟ್ಟವರು ದಯವಿಟ್ಟು ಆ ಮಡಿಕೆಯನ್ನು ಮತ್ತೆ ಬಿಚ್ಚಬೇಕಾಗಿ ಪ್ರಾರ್ಥನೆ. ಕೇತಕಿಯೆಂಬ ಓಟದ ಕುದುರೆಯ ಕಾಲು ಕೆಡಿಸಿದವನು ಅದನ್ನು ನೋಡಿಕೊಳ್ಳುತ್ತಿದ್ದ ಕಾಡಪ್ಪನೇ ಎಂದು ನಮ್ಮ ಪತ್ತೇದಾರಿಣಿ ಸೀತಾಲಕ್ಷ್ಮಿಯವರು ಬೆರಳು ತೋರಿಸಿದ್ದರು. ಪೊಲೀಸರು ಅವನನ್ನು ಜೀಪು ಹತ್ತಿಸಿದ್ದರು. ಅದೇ ಬೆರಳು ಈ ವಾರ ಯಾರ ಕಡೆಗೆ ತಿರುಗಿತೆಂಬುದನ್ನು ಅರಿಕೆ ಮಾಡಿಕೊಳ್ಳುವುದು ಲೇಖನಿಗೂ ಅಷ್ಟು ಸುಖದ ಕೆಲಸವಲ್ಲ.

ಡಬ್ಬಿಯಲ್ಲಿದ್ದ ಬಿಳಿಯ ಹರಳೊಂದನ್ನು ಸೀತಾಲಕ್ಷ್ಮಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡರು.

ಉಪ್ಪು.

ಇನ್ನೊಂದು ಹರಳನ್ನು ತೆಗೆದರು. ಬೆಳಕಿಗೆ ಹಿಡಿದರು, ಮೂಸಿದರು, ಮತ್ತೆ ನಾಲಿಗೆಗಿಟ್ಟರು. ಅದೂ ಉಪ್ಪೇ. ಅಡುಗೆಗೆ ಹಾಕುವ ಕಲ್ಲುಪ್ಪು.

"ಯಾಕ್ರೀ ಯವ್ವಾ, ಅದನ್ನ್ಯಾಕ ನೆಕ್ಕಾಕತ್ತೀರಿ? ನೀರಡಿಸೀತು" ಎಂದಳು ಮಲಕವ್ವ, ಒಲೆಯ ಮುಂದಿನಿಂದ ತಿರುಗದೆ.

ಮಲಕವ್ವ ಕಾಡಪ್ಪನ ಹೆಂಡತಿ. ಜಿಗಣಿಯ ಕೈಗಾರಿಕಾ ಪ್ರದೇಶದ ಬೆನ್ನಿಗಂಟಿಕೊಂಡು ಸಾಲಾಗಿ ನಿಂತಿದ್ದ ಶೀಟಿನ ಕೋಣೆಗಳಲ್ಲಿ ಅವರದು ಕೊನೆಯದು. ವಿಜಯಪುರದ ಕಡೆಯಿಂದ ಬಂದ ಗಂಡಹೆಂಡಿರು. ಅವನು ಕುದುರೆಗಳ ಚಾಕರಿಗೆ, ಅವಳು ಪಕ್ಕದ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ತೊಳೆಯುವುದಕ್ಕೆ. ಇವತ್ತು ಅವಳು ಕೆಲಸಕ್ಕೆ ಹೋಗಿರಲಿಲ್ಲ. ಗಂಡ ಲಾಕಪ್ಪಿನಲ್ಲಿರುವಾಗ ಯಾರು ತಾನೇ ಕಲ್ಲು ತೊಳೆದಾರು?

ಸೀತಾಲಕ್ಷ್ಮಿ ಇಲ್ಲಿಗೆ ಬಂದದ್ದು ಮದ್ದು ಹುಡುಕಲು. ಕಾಲಿನ ಬಾವು ಇಳಿಸಲು ಕುದುರೆಯನ್ನು ನಿಲ್ಲಿಸುವ ತಣ್ಣೀರಿನ ತೊಟ್ಟಿಗೆ ಕಾಡಪ್ಪ ಜೋಮು ಹಿಡಿಸುವ ಮದ್ದು ಹಾಕಿದನೆಂದು ನಿನ್ನೆ ಪೊಲೀಸರ ಎದುರು ಹೇಳಿಕೆ ಕೊಟ್ಟಾಗಿತ್ತು. ಆದರೆ ಮದ್ದು ಎಲ್ಲಿಯೂ ಸಿಕ್ಕಿರಲಿಲ್ಲ. ಉಳಿದ ಒಂದು ಚಿಟಿಕೆಯಾದರೂ ಅವನ ಕೋಣೆಯಲ್ಲಿರಬೇಕೆಂಬುದು ಅವರ ಲೆಕ್ಕ. ಬಾಗಿಲಲ್ಲಿ ಮಲಕವ್ವ ಯಾರೆಂದು ಕೇಳಿದಾಗ, "ಕಾಡಪ್ಪ ಕೆಲಸ ಮಾಡ್ತಿದ್ನಲ್ಲಮ್ಮ, ಆ ಕಡೆಯಿಂದ" ಎಂದಿದ್ದರು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಂಥ ಮಾತನ್ನು ಆಡಿದ ಮೇಲೆ ಬಾಯಿ ತಾನಾಗಿಯೇ ಒಣಗುತ್ತದೆ.

"ಸ್ವಲ್ಪ ನೀರು ಕೊಡ್ತೀಯಮ್ಮ?" ಎಂದರು.

ಮಲಕವ್ವ ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿಯುತ್ತಿದ್ದಂತೆ ಸೀತಾಲಕ್ಷ್ಮಿಗೆ ನಿನ್ನೆ ತಾವೇ ಆಡಿದ್ದ ಮಾತು ನೆನಪಾಯಿತು. ಕಾಡಪ್ಪನನ್ನು ಜೀಪಿಗೆ ಹತ್ತಿಸುವಾಗ, ನೆರೆದವರ ಮುಂದೆ, "ಉಪ್ಪು ತಿಂದೋನು ನೀರು ಕುಡೀಲೇಬೇಕಲ್ಲಪ್ಪ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಕುದುರೆ ಚಿಕಿತ್ಸಾಲಯದ ಮಾಲೀಕ ವಿಷ್ಣು ಚಪ್ಪಾಳೆ ತಟ್ಟಿ, ಅವರ ಹೆಗಲಿಗೆ ಶಾಲು ಹೊದಿಸಿದ್ದ. ಆ ಶಾಲು ಇನ್ನೂ ಅವರ ಚೀಲದಲ್ಲಿಯೇ ಇತ್ತು.

"ಮಾರಿ ಬಾಡೇತ್ರೀ ನಿಮ್ದು" ಎಂದಳು ಮಲಕವ್ವ, ಅವರನ್ನೇ ದಿಟ್ಟಿಸುತ್ತ. "ಕುಂದರ್ರಿ ಇಲ್ಲೆ. ಅಳ್ಯಾಡಬ್ಯಾಡ್ರಿ."

ಅವಳು ಅದೇ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಉಪ್ಪು ತೆಗೆದಳು. ಮುಷ್ಟಿ ಕಟ್ಟಿದಳು. ಸೀತಾಲಕ್ಷ್ಮಿಯ ನೆತ್ತಿಯಿಂದ ಪಾದದವರೆಗೆ ಆ ಮುಷ್ಟಿಯನ್ನು ಸುತ್ತು ಬಳಸಿ ಇಳಿಸಿದಳು. "ಹೋದಾವ್ರ ಕಣ್ಣು, ಬಂದಾವ್ರ ಕಣ್ಣು, ಕಂಡಾವ್ರ ಕಣ್ಣು, ಕಾಣದಾವ್ರ ಕಣ್ಣು, ಉಪ್ಪಿನಂಗ ಕರಗಿ ಹೋಗಲಿ."

ಬಾಗಿಲಿಗೆ ಹೋದಳು. ಹೊರಗೆ ಯಾರಾದರೂ ಎದುರು ಬರುತ್ತಾರೇನೋ ಎಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಮೂಲೆಯ ಬಕೀಟಿನ ನೀರಿಗೆ ಉಪ್ಪನ್ನು ರಪ್ಪನೆ ಎಸೆದಳು. ಹಿಂತಿರುಗಿ ನೋಡದೆ ಒಳಗೆ ಬಂದಳು.

ಸೀತಾಲಕ್ಷ್ಮಿ ಕುಳಿತಲ್ಲಿಯೇ ಕಲ್ಲಾದರು.

ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಟ. ಕಟ್ಟಿದ ಮುಷ್ಟಿ. ನೀರಿಗೆ ಎಸೆತ. ಹಿಂತಿರುಗದ ನಡಿಗೆ. ಚಿಕಿತ್ಸಾಲಯದ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರದಲ್ಲಿ ಕಾಡಪ್ಪ ಮಾಡಿದ್ದೂ ಇದನ್ನೇ, ಒಂದಿಷ್ಟೂ ಹೆಚ್ಚಿಲ್ಲ, ಒಂದಿಷ್ಟೂ ಕಡಿಮೆಯಿಲ್ಲ. ಕುದುರೆಯ ಮೈ ಅಡ್ಡವಾಗಿದ್ದರಿಂದ ಕೈ ಸುತ್ತಿ ಇಳಿದದ್ದು ಮಾತ್ರ ಕಂಡಿರಲಿಲ್ಲ. ಉಳಿದದ್ದನ್ನು ಪರದೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ತೋರಿಸಿ, "ನೋಡಿ, ಹೇಗೆ ಆಚೀಚೆ ನೋಡ್ತಾನೆ. ಇದು ಕಳ್ಳನ ನೋಟ" ಎಂದು ವಿವರಿಸಿದವರು ಇದೇ ಸೀತಾಲಕ್ಷ್ಮಿ.

ಚಿಕ್ಕಂದಿನಲ್ಲಿ ಶಾಲೆಯಿಂದ ಬಂದ ಸಂಜೆಗಳಲ್ಲಿ ಅವರ ಅಮ್ಮ ಅವರಿಗೂ ಹೀಗೆಯೇ ದೃಷ್ಟಿ ತೆಗೆಯುತ್ತಿದ್ದರು. ಹೀಗೆಯೇ ಬಾಗಿಲಲ್ಲಿ ನಿಂತು ಆಚೀಚೆ ನೋಡುತ್ತಿದ್ದರು. ಮಗಳು ಮಾತ್ರ ಅದನ್ನು ಕಳ್ಳನ ನೋಟವೆಂದು ಸರ್ಕಾರಕ್ಕೆ ಬರೆದುಕೊಟ್ಟು ಬಂದಿದ್ದಳು.

"ಕಾಡಪ್ಪನೂ ಹೀಗೇ ಮಾಡ್ತಾನಾ?" ಧ್ವನಿ ಅವರದೇ ಎಂದು ಅವರಿಗೆ ಅನ್ನಿಸಲಿಲ್ಲ.

"ಹೂಂನ್ರೀ. ಆ ಕುದರೀಗೆ ದಿನಾ ತೆಗೀತಿದ್ದ. ತೊಟ್ಟಿಂದ ಮ್ಯಾಲ ಬಂದ್ರ ಅದು ಗಡಗಡ ನಡಗತಿತ್ತಂತ. 'ನೀರು ಕಚ್ಚಾಕತ್ತೇತಿ ಮಲಕವ್ವಾ, ಕೈ ಇಟ್ರ ಬೆರಳು ನನ್ನವಲ್ಲ ಅನಸ್ತಾವ' ಅಂತಿದ್ದ. ಮಾಲಕಗ ಹೇಳಿದ್ನಂತ. ಗ್ವಾಡೀ ಮ್ಯಾಲಿನ ಥಂಡಿ ಮೀಟರ್ ನಾಲ್ಕ ಡಿಗ್ರಿ ತೋರಸ್ತೈತಿ, ಬಾಯಿ ಮುಚ್ಚು ಅಂದ್ರಂತ. ಮೀಟರ್ ಸುಳ್ಳ ಹೇಳಂಗಿಲ್ಲಲ್ರೀ? ಅಂದಮ್ಯಾಲ ಯಾರದೋ ಕಣ್ಣs ಬಿದ್ದಿರಬೇಕ ಅಂತ ಇವ ತಿಳಕೊಂಡ."

ಮೀಟರ್ ಸುಳ್ಳು ಹೇಳುವುದಿಲ್ಲ. ಸೀತಾಲಕ್ಷ್ಮಿಯೂ ಅದನ್ನೇ ನಂಬಿದ್ದರು.

"ಹುಚ್ಚ ಪ್ರೀತಿರೀ ಅದರ ಮ್ಯಾಲ" ಎಂದು ಮಲಕವ್ವ ಮುಂದುವರಿಸಿದಳು. "ನಮ್ಮ ಎತ್ತಿನ ಗೆಜ್ಜಿ ಊರಿಂದ ತಂದು ಅದರ ಕೊಳ್ಳಿಗೆ ಕಟ್ಯಾನ. ಅದ್ರಾಗ ಒಂದು ಗೆಜ್ಜಿ ಸೀಳೇತಿ. ಎಲ್ಲಾ ಘಲ್ ಅಂದ್ರ ಅದೊಂದು ಠಕ್ ಅಂತೈತಿ. ಬ್ಯಾರೇದ ಕಟ್ಟೋ ಅಂದ್ರ, ಆ ಠಕ್ ಕೇಳಿದ್ರನ ಕೇತಕಿ ಕಿವಿ ನಿಮರಸ್ತೈತಿ ಅಂತಾನ."

"ಮಲಕವ್ವಾ, ನಾನು..." ಎಂದು ಸೀತಾಲಕ್ಷ್ಮಿ ಎದ್ದು ನಿಂತರು.

"ಗೊತ್ತೈತ್ರೀ."

"ಏನು ಗೊತ್ತು?"

"ನಿನ್ನೆ ಗೇಟಿನ ಹೊರಗ ನಿಂತಿದ್ನಿ ನಾ. ನಿಮಗ ಶಾಲು ಹಾಕೂದು ಕಂಡೀನಿ."

ಒಲೆಯ ಮೇಲಿನ ಚಹಾ ಉಕ್ಕಿ ಸುಂಯ್ ಎಂದಿತು. ಯಾರೂ ಇಳಿಸಲಿಲ್ಲ.

"ಗೊತ್ತಿದ್ದೂ ನನಗೆ ದೃಷ್ಟಿ ತೆಗೆದ್ಯಾ?"

"ದೃಷ್ಟಿ ನಿಮ್ಮ ಕಣ್ಣಿಗs ಆಗೇತ್ರೀ. ಇಲ್ಲಂದ್ರ ಉಪ್ಪು ಮದ್ದಾಗಿ ಕಾಣತಿತ್ತೇನು?" ಮಲಕವ್ವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೀತಾಲಕ್ಷ್ಮಿಗೆ ನಿಂತುಕೊಳ್ಳುವುದು ಸುಲಭವಾಗುತ್ತಿತ್ತು. "ಸಂಜೀಕ ಜಡ್ಜ್ ಮುಂದ ನಿಂದರಸ್ತಾರಂತ. ಜೈಲಿಗೆ ಹೋದ್ರ ನಮ್ಮಂತಾವ್ರನ್ನ ಹೊರಗ ತರೂದು ಯಾರ್ರೀ? ಅಷ್ಟ್ರಾಗ ಏನರ ಮಾಡ್ರಿ. ತಪ್ಪಾತು ಅಂತ ಅಳೂದು ಆಮ್ಯಾಲ ಇದ್ದದ್ದs."

ಸಾಲುಕೋಣೆಗಳ ಕೊನೆಯಲ್ಲಿದ್ದ ಬೇವಿನ ಮರದ ಕೆಳಗೆ ನಿಂತು ಸೀತಾಲಕ್ಷ್ಮಿ ಸಬ್ ಇನ್ಸ್‌ಪೆಕ್ಟರ್ ಪರಮಾನಂದನಿಗೆ ಫೋನು ಮಾಡಿದರು.

"ಕಾಡಪ್ಪ ಅಲ್ಲ ಪರಮಾನಂದ್. ನಾನು ತಪ್ಪು ಮಾಡ್ಬಿಟ್ಟೆ."

ಆ ಕಡೆಯಿಂದ ದೀರ್ಘವಾದ ಉಸಿರು. "ಮೇಡಂ, ನಿನ್ನೆ ನೀವೇ ತಾನೇ ವೀಡಿಯೋ ತೋರ್ಸಿ ಕ್ಲಾಸ್ ತಗೊಂಡಿದ್ದು? ಸವಾರ ದೀಪು ಕುದುರೆ ಮೇಲಿಂದ ಬಿದ್ದು ಸೊಂಟ ಮುರ್ಕೊಂಡು ಮಲಗಿದಾನೆ. ಅವರ ಮನೆಯೋರು ಸ್ಟೇಷನ್ ಮುಂದೇನೇ ಕೂತಿದಾರೆ. ಬಾಯಿಮಾತಲ್ಲಿ ತಪ್ಪಾಯ್ತು ಅಂದ್ರೆ ಬಿಟ್ಬಿಡೋಕಾಗುತ್ತಾ?"

"ಏನು ಬೇಕು ನಿಮಗೆ?"

"ಕಾಡಪ್ಪ ಅಲ್ಲ ಅಂದ್ರೆ ಇನ್ಯಾರು, ಹೇಗೆ ಮಾಡಿದ್ರು, ತೋರ್ಸಿ. ಕುದುರೆ ಕಾಲಲ್ಲಿ ಏನಾದ್ರೂ ಗುರುತು ಇದ್ರೆ ಹೇಳಿ, ಸರ್ಕಾರಿ ಡಾಕ್ಟ್ರನ್ನ ಕರ್ಕೊಂಡು ಬರ್ತೀನಿ. ಸಂಜೆ ಕೋರ್ಟಿಗೆ ಹೊರಡೋದರ ಒಳಗೆ. ಆಮೇಲೆ ನನ್ ಕೈಲಿಲ್ಲ ಮೇಡಂ."

ಕಾಲಿನಲ್ಲಿ ಗುರುತು. ಇತ್ತು. ಸೀತಾಲಕ್ಷ್ಮಿ ಅದನ್ನು ಕಣ್ಣಾರೆ ಕಂಡಿದ್ದರು. ಕೇತಕಿಯ ನಾಲ್ಕೂ ಕಾಲುಗಳಲ್ಲಿ, ಒಂದೇ ಎತ್ತರದಲ್ಲಿ, ದಾರ ಹಿಡಿದು ಗೆರೆ ಎಳೆದಂತೆ ಕೂದಲು ಉದುರಿ ಚರ್ಮ ಬಿಳಿಚಿಕೊಂಡಿತ್ತು. ಮದ್ದಿನ ಪ್ರಭಾವವೆಂದು ಅವರು ತಳ್ಳಿಹಾಕಿದ್ದರು. ಮದ್ದಾಗಿದ್ದರೆ ಅದು ಮೈಗೆ ಹರಡುತ್ತಿತ್ತು. ಹೀಗೆ ನೆಟ್ಟಗೆ ಗೆರೆ ಕೊರೆಯುತ್ತಿರಲಿಲ್ಲ. ಆ ಗೆರೆ ತೊಟ್ಟಿಯ ನೀರು ನಿಲ್ಲುವ ಮಟ್ಟ.

ಕೆಡುಕು ನೀರಿಗೆ ಹಾಕಿದ್ದರಲ್ಲಿರಲಿಲ್ಲ. ನೀರಿನಲ್ಲಿಯೇ ಇತ್ತು.

'ಹಯಸೇವಾ' ಚಿಕಿತ್ಸಾಲಯವಿದ್ದದ್ದು ಒಂದು ಹಳೆಯ ಐಸ್ ಕಾರ್ಖಾನೆಯ ಶೆಡ್ಡಿನಲ್ಲಿ. ಓಡಿ ಓಡಿ ಕಾಲಿನ ನರ ಊದಿಸಿಕೊಂಡ ಕುದುರೆಗಳು ಅಲ್ಲಿಗೆ ಬರುತ್ತಿದ್ದವು. ಇಳಿಜಾರಿನಲ್ಲಿ ನಡೆಸಿಕೊಂಡು ಹೋಗಿ ಅವುಗಳನ್ನು ಕಿರಿದಾದ ತೊಟ್ಟಿಯಲ್ಲಿ ನಿಲ್ಲಿಸುತ್ತಿದ್ದರು. ಮೊಣಕಾಲು ಮುಳುಗುವಷ್ಟು ಹಿಮದಂಥ ಉಪ್ಪುನೀರು ನೊರೆಯೆಬ್ಬಿಸುತ್ತ ಸುತ್ತ ಸುಳಿಯುತ್ತಿತ್ತು. ಶೀತವು ಉರಿಯನ್ನು ಇಳಿಸುತ್ತದೆ, ಉಪ್ಪು ಬಾವನ್ನು ಎಳೆಯುತ್ತದೆ. ಹಿತಮಿತವಾಗಿ ಮಾಡಿದರೆ ಒಳ್ಳೆಯ ಚಿಕಿತ್ಸೆ. ಒಂದೇ ಒಂದು ನಿಯಮ: ನೀರಿನಿಂದ ಹೊರಬಂದ ಕುದುರೆಯ ಕಾಲು ಬೆಚ್ಚಗಾಗುವ ತನಕ ಅದರ ನಡಿಗೆಯನ್ನು ನೋಡಿ ಗುಣವಾಯಿತೆಂದು ಹೇಳಕೂಡದು. ಜೋಮು ಹಿಡಿದ ಕಾಲಿಗೆ ನೋವು ತಿಳಿಯುವುದಿಲ್ಲ.

ಕೇತಕಿಯ ಲಾಯ ಖಾಲಿಯಾಗಿತ್ತು. ಹುಲ್ಲಿನ ಮೇಲೆ ಅವಳು ಮಲಗಿದ್ದ ತಗ್ಗು ಮಾತ್ರ ಹಾಗೆಯೇ ಇತ್ತು.

"ಓ ಮೇಡಂ! ಬನ್ನಿ, ಬನ್ನಿ." ವಿಷ್ಣು ಆಫೀಸಿನಿಂದ ಹೊರಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಟಿ ಶರ್ಟು, ಬೆಳ್ಳನೆಯ ಶೂ. ಕುದುರೆಗಳ ನಡುವೆ ಇದ್ದೂ ಒಂದು ಹುಲ್ಲುಕಡ್ಡಿ ಅಂಟಿಸಿಕೊಳ್ಳದ ಮನುಷ್ಯ. "ಶಾಲು ಮರ್ತು ಹೋಗಿದ್ರಾ?"

"ಕುದುರೆ ಎಲ್ಲಿ?"

"ಹಾಸ್ಪಿಟಲ್‌ಗೆ ಕಳ್ಸಿದೀವಿ, ಬೆಳಿಗ್ಗೇನೇ. ಪಾಪ, ಬಹಳ ಸಫರ್ ಆಗ್ತಿತ್ತು."

"ಯಾವ ಆಸ್ಪತ್ರೆ?"

"ಅದೆಲ್ಲ ನಮ್ ಹುಡುಗ್ರು ನೋಡ್ಕೊಳ್ತಾರೆ ಮೇಡಂ. ಕೇಸ್ ಮುಗೀತಲ್ಲ, ಕಾಫಿ ಕುಡೀರಿ."

ಸೀತಾಲಕ್ಷ್ಮಿ ತೊಟ್ಟಿಯ ಅಂಚಿನಲ್ಲಿ ಕುಳಿತು ಚೀಲ ತೆರೆದರು. ಮೇಲೆಯೇ ಶಾಲು. ಅದನ್ನು ಪಕ್ಕಕ್ಕೆ ತಳ್ಳಿ, ತಳದಲ್ಲಿದ್ದ ಹಿತ್ತಾಳೆಯ ಕೊಳವೆಯಿಂದ ಗಾಜಿನ ಥರ್ಮಾಮೀಟರನ್ನು ಹೊರತೆಗೆದರು. ನಗರದ ಉತ್ತರಕ್ಕಿದ್ದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರು ಇಡೀ ಯೌವನವನ್ನು ಕಳೆದದ್ದು ಮಾಪಕಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. ಯಂತ್ರಗಳ ಮೀಟರು ಸತ್ಯ ಹೇಳುತ್ತದೆಯೇ ಎಂದು ನೋಡಿ, ಮುಚ್ಚಳಕ್ಕೆ ತಂತಿ ಪೋಣಿಸಿ, ಸೀಸದ ಮೊಹರು ಒತ್ತುವುದು ಅವರ ಕೆಲಸ. ನಿವೃತ್ತಿಯ ಮೇಲೆ ಮನುಷ್ಯರನ್ನು ಪರೀಕ್ಷಿಸಲು ಹೊರಟಿದ್ದರು.

ಮೀಟರನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾಗಿದ್ದವರು ಅವರು. ಪರೀಕ್ಷಿಸಿರಲಿಲ್ಲ. ಯಾಕೆಂದರೆ ಮೀಟರಿನ ಮುಚ್ಚಳದಲ್ಲಿ ಸೀಸದ ಮೊಹರು ತೂಗುತ್ತಿತ್ತು. ಮೊಹರು ಇರುವ ಮಾಪಕವನ್ನು ಮುಟ್ಟಬಾರದು, ಅನುಮಾನಿಸಬಾರದು. ಮೂವತ್ತು ವರ್ಷ ಕೈಗೆ ಕಲಿಸಿದ ಪಾಠ ಅದು. ದೂರದಿಂದ ಮೊಹರು ಕಂಡದ್ದೇ, ದೇವಸ್ಥಾನದ ಮುಂದೆ ಹಾಯುವವರು ಕೆನ್ನೆ ಮುಟ್ಟಿಕೊಳ್ಳುವಂತೆ ಮನಸ್ಸಿನಲ್ಲಿಯೇ ನಮಸ್ಕಾರ ಹಾಕಿ ಮುಂದೆ ಹೋಗಿಬಿಟ್ಟಿದ್ದರು.

ಈಗ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟರು. ಬೆರಳ ತುದಿ ನೀರಿಗೆ ತಾಗಿತು. ಕಚ್ಚಿತು.

ಗೋಡೆಯ ಮೀಟರು ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಗಾಜಿನೊಳಗೆ ಪಾದರಸ ಇಳಿಯುತ್ತ ನಾಲ್ಕನ್ನು ದಾಟಿತು, ಸೊನ್ನೆಯನ್ನು ದಾಟಿತು, ಸೊನ್ನೆಯ ಕೆಳಗೆ ಮೂರನೆಯ ಗೆರೆಯಲ್ಲಿ ನಿಂತಿತು.

"ಬರೀ ನೀರಾಗಿದ್ರೆ ಈ ತೊಟ್ಟಿ ಇಷ್ಟೊತ್ತಿಗೆ ಕಲ್ಲಾಗಿರ್ತಿತ್ತು" ಎಂದರು ಸೀತಾಲಕ್ಷ್ಮಿ. "ಮೂಟೆಗಟ್ಟಲೆ ಉಪ್ಪು ಇದೆಯಲ್ಲ, ಅದಕ್ಕೆ ನೀರಾಗೇ ಉಳಿದಿದೆ. ನೋಡೋಕೆ ನೀರು, ಮಾಡೋದು ಮಂಜುಗಡ್ಡೆ ಕೆಲಸ. ಇದರಲ್ಲಿ ಕುದುರೆ ನಿಲ್ಲಿಸ್ತಿದ್ರಾ ವಿಷ್ಣು?"

"ಮೀಟರ್ ಫೋರ್ ತೋರಿಸ್ತಿದೆಯಲ್ಲ ಮೇಡಂ."

"ಗುಣವಾದ್ಳು ಅಂತ ತೋರಿಸಿ ಕೇತಕೀನ ಮಾರೋಕೆ ಹೊರಟ್ರಿ. ಕೊಳ್ಳೋರ ಕಡೆ ಡಾಕ್ಟ್ರು ನೋಡೋಕೆ ಬಂದ ದಿನ ಅವಳನ್ನ ಎಲ್ಲಿಂದ ಹೊರಗೆ ತಂದ್ರಿ? ಈ ತೊಟ್ಟಿಯಿಂದ ನೇರವಾಗಿ ತಾನೇ? ಅವಳು ಕುಂಟದೆ ಓಡಿ ತೋರಿಸಿದ್ಳು. ಗುಣ ಆಗಿತ್ತು ಅಂತಲ್ಲ. ಕಾಲಿದೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ಭೇಷ್ ಅಂದ್ರು. ದೀಪು ಹತ್ತಿ ಓಡಿಸ್ದ. ಅರ್ಧ ಸುತ್ತಿಗೆ ನರ ಹರೀತು."

"ಸೂಪರ್ ಥಿಯರಿ." ವಿಷ್ಣು ನಕ್ಕ. ಆದರೆ ನಗು ಬಾಯಿಯಿಂದ ಮೇಲಕ್ಕೆ ಏರಲಿಲ್ಲ. "ನಿನ್ನೆ ಮದ್ದು ಅಂದ್ರಿ. ಇವತ್ತು ಐಸ್ ಅಂತೀರಿ. ನಾಳೆ ಮಾಟ ಅಂತೀರಾ?"

ಆ ಏಟು ಸರಿಯಾದ ಜಾಗಕ್ಕೇ ಬಿತ್ತು. ಸೀತಾಲಕ್ಷ್ಮಿಯ ಕಿವಿ ಬಿಸಿಯಾಯಿತು.

"ಮೀಟರನ್ನ ಒಳಗಿಂದ ತಿರುಚಿ ಕೂರಿಸಿದಾರೆ" ಎಂದರು, ಧ್ವನಿ ಏರಿಸದೆ. "ನೀರು ಸೊನ್ನೆ ಕೆಳಗೆ ಹೋದ್ರೂ ಅದು ನಾಲ್ಕೇ ತೋರಿಸಬೇಕು. ಹಾಗೆ."

"ನಾನು ತಿರುಚೋಕಾಗುತ್ತಾ ಮೇಡಂ? ಸೀಲ್ ಆಗಿದೆ ಅದು."

"ಸೀಲ್ ಮಾಡಿದ್ದು ಯಾರು?"

ವಿಷ್ಣು ಜೇಬಿನಿಂದ ಎರಡೂ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡ. ಮೊದಲ ಸಲ ಅವನ ಮುಖದಲ್ಲಿ ನಿಜವಾದ ಸಂತೋಷ ಕಾಣಿಸಿತು.

"ಆ ಪ್ರಶ್ನೆ ನನಗ್ಯಾಕೆ ಕೇಳ್ತೀರಿ? ಎಕ್ಸ್‌ಪರ್ಟ್ ನೀವು. ಹತ್ತಿರ ಹೋಗಿ ನೋಡಿ."

ಸೀತಾಲಕ್ಷ್ಮಿ ಗೋಡೆಯ ಬಳಿಗೆ ಹೋದರು. ತಂತಿಯ ತುದಿಯಲ್ಲಿ ತೂಗುತ್ತಿದ್ದ, ತೊಗರಿಬೇಳೆಗಿಂತ ತುಸು ದೊಡ್ಡದಾದ ಸೀಸದ ಬಿಲ್ಲೆಯನ್ನು ಹೆಬ್ಬೆರಳಿನಿಂದ ತಿರುಗಿಸಿದರು. ಕನ್ನಡಕವನ್ನು ಹಣೆಗೇರಿಸಿ ಕಣ್ಣಿಗೆ ಹತ್ತಿರ ಹಿಡಿದರು.

ಒಂದು ವೃತ್ತ. ವೃತ್ತದೊಳಗೆ ನಲವತ್ತೇಳು. ಏಳರ ಬಾಲ ಮುರಿದಿತ್ತು.

ಶೆಡ್ಡಿನ ಸದ್ದೆಲ್ಲ ಎಲ್ಲಿಗೋ ಹೋಯಿತು. ತಂಪುಯಂತ್ರದ ಗುಂಯ್‌ಗುಟ್ಟುವಿಕೆಯಿಲ್ಲ, ನೊರೆಯ ಸದ್ದಿಲ್ಲ. ಕಾರ್ಖಾನೆಯ ಪ್ರತಿಯೊಬ್ಬ ಪರೀಕ್ಷಕರಿಗೂ ಅವರದೇ ಆದ ಮೊಹರಿನ ಇಕ್ಕಳವಿರುತ್ತಿತ್ತು. ಅದರ ಬಾಯಲ್ಲಿ ಅವರವರ ಅಂಕಿ. ಒಂದು ಇಕ್ಕಳ ಒಮ್ಮೆ ಕಬ್ಬಿಣದ ಮೇಜಿನಿಂದ ಕೆಳಗೆ ಬಿದ್ದು, ಏಳರ ಬಾಲ ಮುರಿದುಕೊಂಡಿತ್ತು. ಬದಲಾಯಿಸಿಕೊಳ್ಳಿ ಎಂದರೂ ಅದರ ಒಡತಿ ಕೇಳಿರಲಿಲ್ಲ. ವಿಭಾಗವನ್ನು ಮುಚ್ಚಿದಾಗ ನೆನಪಿಗಿರಲಿ ಎಂದು ಅದನ್ನು ಅವರಿಗೇ ಕೊಟ್ಟು ಕಳಿಸಿದ್ದರು.

ಮೊಹರು ಸೀತಾಲಕ್ಷ್ಮಿಯದು.

ಸುಳ್ಳು ಹೇಳುವ ಮೀಟರಿನ ಬಾಯಿಗೆ, ಇದು ಸತ್ಯವೆಂದು ಸಾಕ್ಷಿ ಹಾಕಿದ್ದು ಅವರದೇ ಅಂಕಿ.

"ಊರಲ್ಲಿ ಬೇರೆ ಪತ್ತೇದಾರರು ಇರ್ಲಿಲ್ವಾ ಮೇಡಂ?" ವಿಷ್ಣುವಿನ ಮಾತು ಬೆನ್ನ ಹಿಂದಿನಿಂದ, ಮೃದುವಾಗಿ ಬಂತು. "ನಿಮ್ಮನ್ನೇ ಹುಡ್ಕೊಂಡು ಬಂದಿದ್ದು ಯಾಕೆ ಅಂದ್ಕೊಂಡ್ರಿ? ಪೊಲೀಸ್ನೋರಿಗೆ ಈಗ್ಲೇ ಹೇಳಿ, ಫೋನ್ ಬೇಕಾದ್ರೆ ನಾನೇ ಮಾಡ್ಕೊಡ್ತೀನಿ. ಮೀಟರ್‌ಗೆ ಸೀಲ್ ಹಾಕಿದ್ದೂ ಸೀತಾಲಕ್ಷ್ಮಿ, ಕೇಸ್ ಹಿಡಿದಿದ್ದೂ ಸೀತಾಲಕ್ಷ್ಮಿ, ಬಡಪಾಯಿನ ಒಳಗೆ ಹಾಕ್ಸಿದ್ದೂ ಸೀತಾಲಕ್ಷ್ಮಿ. ಕೇಳೋರಿಗೆ ಕಥೆ ಸಕ್ಕತ್ತಾಗಿರುತ್ತೆ."

ಸೀತಾಲಕ್ಷ್ಮಿ ಬಿಲ್ಲೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

"ನೋಡಿ, ನಾನು ಕೆಟ್ಟೋನಲ್ಲ. ಕಾಡಪ್ಪಂಗೆ ಒಳ್ಳೇ ಲಾಯರ್ ನಾನೇ ಇಡ್ತೀನಿ. ನೀವು ಶಾಲು ಇಟ್ಕೊಂಡು ಆರಾಮಾಗಿ ಮನೆಗೆ ಹೋಗಿ. ಇಷ್ಟು ವರ್ಷದ ಒಳ್ಳೇ ಹೆಸರು ಮೇಡಂ. ಒಂದು ಕುದುರೆಗೋಸ್ಕರ ಯಾಕೆ?"

ಹೇಳಲು ನಾಚಿಕೆಯಾಗುವ ಸಂಗತಿಯೆಂದರೆ, ಆ ಮಾತಿಗೆ ಸೀತಾಲಕ್ಷ್ಮಿಯ ಮನಸ್ಸು ಒಂದು ಕ್ಷಣ ಕಿವಿಗೊಟ್ಟಿತು. ಬೀಳ್ಕೊಡುಗೆಯ ದಿನ ಕಾರ್ಖಾನೆಯ ಗೆಳತಿಯರು, 'ಸೀತಮ್ಮನ ಮೊಹರು ಅಂದ್ರೆ ಬರೆದಿಟ್ಟ ಹಾಗೆ' ಎಂದಿದ್ದರು. ಅವರ ಮುಂದೆ ಇನ್ನು ಯಾವ ಮುಖ ಹೊತ್ತು ನಿಲ್ಲುವುದು? ಒಳ್ಳೆಯ ಲಾಯರ್ ಇದ್ದರೆ ಕಾಡಪ್ಪ ಹೇಗೂ ಹೊರಗೆ ಬರುತ್ತಾನೆ, ಸ್ವಲ್ಪ ತಡವಾಗಬಹುದು, ಅಷ್ಟೇ ತಾನೇ. ಈ ಲೆಕ್ಕವನ್ನು ಮನಸ್ಸು ಎಷ್ಟು ಸಲೀಸಾಗಿ ಹಾಕಿ ಮುಗಿಸಿತೆಂದರೆ, ಮುಗಿದ ಮೇಲೆಯೇ ಅವರಿಗೆ ಅದರ ಹೊಲಸು ಕಂಡದ್ದು. ಮದ್ದೆಂದು ತಪ್ಪು ತಿಳಿದದ್ದಕ್ಕೆ ಆದ ನಾಚಿಕೆ ಇದರ ಮುಂದೆ ಏನೇನೂ ಅಲ್ಲ.

ನಾಲಿಗೆಯ ತುದಿಯಲ್ಲಿ ಇನ್ನೂ ಉಪ್ಪಿತ್ತು.

ಇಕ್ಕಳ ಈಗ ಅವರ ಮನೆಯಲ್ಲಿರಲಿಲ್ಲ. ಕಳೆದ ಆಯುಧಪೂಜೆಯ ದಿನ ಅದನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹಲಗೆಯ ಮೇಲೆ ಥರ್ಮಾಮೀಟರಿನ ಪಕ್ಕ ಇಟ್ಟಿದ್ದರು. ಊಟಕ್ಕೆ ಬಂದ ತಮ್ಮ ಸುಬ್ರಹ್ಮಣ್ಯ ಅದನ್ನು ಕೈಗೆತ್ತಿಕೊಂಡು, "ಅಕ್ಕಾ, ಇದು ನನ್ನ ಅಂಗಡೀಲಿರಲಿ ಕಣೇ. ನಿನ್ನ ಕೈ ಇಕ್ಕಳ, ಶುಭ" ಎಂದಿದ್ದ. ತುಮಕೂರು ರಸ್ತೆಯ ಮಾಕಳಿಯಲ್ಲಿ ಅವನು ತಂಪುಯಂತ್ರಗಳ ರಿಪೇರಿಯ ಶೆಡ್ಡು ಇಟ್ಟಿದ್ದ. ಕುಂಕುಮ ಅಳಿಸದೆಯೇ ಜೇಬಿಗೆ ಹಾಕಿಕೊಂಡು ಹೋಗಿದ್ದ.

ಈ ಕೇಸಿಗೆ ಅಕ್ಕನ ಹೆಸರನ್ನು ವಿಷ್ಣುವಿಗೆ ಸೂಚಿಸಿದವನೂ ಅವನೇ.

ಸೀತಾಲಕ್ಷ್ಮಿ ಅಲ್ಲಿಯೇ ನಿಂತು ಫೋನು ಮಾಡಿದರು. ವಿಷ್ಣು ತಡೆಯಲಿಲ್ಲ, ತಮಾಷೆ ನೋಡುವವನಂತೆ ಕಂಬಕ್ಕೆ ಒರಗಿದ.

"ಹೇಳಕ್ಕಾ." ತಮ್ಮನ ಧ್ವನಿ ದೂರದಿಂದ ಬಂದಂತಿತ್ತು.

"ಎಲ್ಲಿದೀಯೋ ಸುಬ್ಬು?"

"ಮನೇಲೇ. ಸ್ವಲ್ಪ ಜ್ವರ."

ಮನೆಯಲ್ಲಿ ಜೆಸಿಬಿ ಇರುವುದಿಲ್ಲ. ಆ ಕಡೆ ಜೆಸಿಬಿಯೊಂದು ನೆಲ ಕೆರೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಸೀತಾಲಕ್ಷ್ಮಿ ಕಿವಿಗೆ ಫೋನನ್ನು ಒತ್ತಿ ಹಿಡಿದರು. ಸದ್ದಿನ ನಡುವೆ, ಬಲು ಸಣ್ಣಗೆ, ಇನ್ನೊಂದು ಕೇಳಿಸಿತು.

ಘಲ್. ಘಲ್. ಠಕ್.

ಮಲಕವ್ವ ಹೇಳಿದ ಸೀಳುಗೆಜ್ಜೆ.

"ಸುಬ್ಬು" ಎಂದರು, ವಿಷ್ಣುವಿಗೆ ಕೇಳದಷ್ಟು ಮೆಲ್ಲಗೆ. "ಕುದುರೆ ನಿನ್ನ ಹತ್ತಿರ ಇದೆಯಾ?"

ಚಿಕ್ಕಂದಿನಲ್ಲಿ ಕೈಯಿಂದ ಹಾಲಿನ ಪಾತ್ರೆ ಜಾರಿದಾಗ ಬರುತ್ತಿದ್ದ ಅದೇ ಧ್ವನಿಯಲ್ಲಿ, "ಅಕ್ಕಾ... ಮೊಹರು ನೋಡ್ಬಿಟ್ಯಾ?"

"ನೋಡ್ದೆ."

"ಬರೀ ಮೀಟರ್ ಸೆಟ್ ಮಾಡ್ಕೊಡು ಅಂದ್ರು ಅಕ್ಕಾ. ಕುದುರೆ ವಿಷ್ಯ ನನಗ್ ಗೊತ್ತಿರ್ಲಿಲ್ಲ. ಅಮ್ಮನಾಣೆ. ಈಗ ನನ್ ಶೆಡ್ಡಿಗೇ ತಂದು ನಿಲ್ಲಿಸಿದಾರೆ, ನನ್ ಮಾತು ಯಾರೂ..."

ಯಾರೋ ಅವನ ಪಕ್ಕದಲ್ಲಿಯೇ ಕೂಗಿದರು: "ಮೊದ್ಲು ಆ ಗೆಜ್ಜೆ ಕಿತ್ತಾಕ್ರೋ! ರೋಡ್ ತನಕ ಕೇಳ್ತಿದೆ!"

ಒಂದು ಕೆನೆತ. ಗೆಜ್ಜೆಯ ಸರ ಒಟ್ಟಿಗೆ ಜರ್ರನೆ ಸುರಿದ ಸದ್ದು. ಆಮೇಲೆ ಜೆಸಿಬಿ ಮಾತ್ರ.

ಫೋನು ಸತ್ತಿತು.

ಗುಂಡಿ ತೋಡುತ್ತಿದ್ದಾರೆ. ಜೀವಂತವಾಗಿ ನಿಂತ ಕುದುರೆಯ ಮುಂದೆಯೇ. ನಾಲ್ಕು ಕಾಲಿನ ಮೇಲಿನ ಆ ಬಿಳಿಯ ಗೆರೆ ಮಣ್ಣಿನೊಳಗೆ ಹೋದರೆ, ಕಾಡಪ್ಪನ ಪರವಾಗಿ ಮಾತಾಡಲು ಲೋಕದಲ್ಲಿ ಏನೂ ಉಳಿಯುವುದಿಲ್ಲ.

ಸೀತಾಲಕ್ಷ್ಮಿ ಪರಮಾನಂದನ ನಂಬರು ಒತ್ತಿದರು. ಈ ಸಲ ವಿಷ್ಣುವಿಗೆ ಕೇಳುವ ಹಾಗೆಯೇ ಮಾತಾಡಿದರು.

"ಪರಮಾನಂದ್, ಸರ್ಕಾರಿ ಡಾಕ್ಟ್ರನ್ನ ಕರ್ಕೊಂಡು ಮಾಕಳಿಗೆ ಬನ್ನಿ. ಸುಬ್ರಹ್ಮಣ್ಯನ ರೆಫ್ರಿಜರೇಷನ್ ಶೆಡ್ಡು, ಮೇನ್ ರೋಡಲ್ಲೇ ಇದೆ. ಕೇತಕಿ ಅಲ್ಲಿದ್ದಾಳೆ, ಹೂಳೋಕೆ ಗುಂಡಿ ತೋಡ್ತಿದಾರೆ. ಹತ್ತಿರದ ಸ್ಟೇಷನ್‌ಗೂ ಹೇಳಿ."

ವಿಷ್ಣು ಕಂಬದಿಂದ ನೆಟ್ಟಗಾದ.

"ಇನ್ನೊಂದು. ಇಲ್ಲಿ ಜಿಗಣೀಲಿ ತೊಟ್ಟಿ ಹತ್ತಿರ ಒಬ್ಬ ಕಾನ್‌ಸ್ಟೇಬಲ್‌ನ ಈಗ್ಲೇ ನಿಲ್ಲಿಸಿ, ಮೀಟರ್ ಮುಟ್ಟೋಕೆ ಬಿಡಬೇಡಿ. ಅದರ ಮೇಲಿರೋ ಮೊಹರು ನಂದು." ವಿಷ್ಣುವನ್ನೇ ನೋಡುತ್ತ ಮುಂದುವರಿಸಿದರು. "ಹೌದು, ನಂದೇ. ಸೀತಾಲಕ್ಷ್ಮಿ, ನಲವತ್ತೇಳು. ಹಾಗೇ ಬರ್ಕೊಳ್ಳಿ. ಶೆಡ್ಡು ನನ್ನ ಸ್ವಂತ ತಮ್ಮಂದು, ಅದನ್ನೂ ಬರ್ಕೊಳ್ಳಿ."

"ತಲೆ ಕೆಟ್ಟಿದೆಯಾ ನಿಮಗೆ?" ವಿಷ್ಣು ಎರಡು ಹೆಜ್ಜೆ ಮುಂದೆ ಬಂದ. ಮೇಡಂ ಎನ್ನುವುದನ್ನು ಮರೆತಿದ್ದ. "ನಿಮ್ ತಮ್ಮನೂ ಒಳಗೆ ಹೋಗ್ತಾನೆ! ಅದೂ ಗೊತ್ತಾಗಲ್ವಾ?"

"ಗೊತ್ತು."

"ನೀವೂ ಹೋಗ್ತೀರಿ!"

"ಹೋಗೋಣ ಬಿಡಿ. ಉಪ್ಪು ನಾನೂ ತಿಂದಿದೀನಿ."

ವಿಷ್ಣು ಯಾರಿಗೋ ಫೋನು ಹಚ್ಚುತ್ತ ಆಫೀಸಿನ ಕಡೆಗೆ ಓಡಿದ. ಬೆಳ್ಳನೆಯ ಶೂಗೆ ಹುಲ್ಲು ಮೆತ್ತಿಕೊಂಡದ್ದು ಅವನಿಗೆ ತಿಳಿಯಲಿಲ್ಲ.

ಸೀತಾಲಕ್ಷ್ಮಿ ಕುಳಿತು ಸಾಮಾನು ಕಟ್ಟತೊಡಗಿದರು. ಅವಸರದಲ್ಲಿಯೂ ಕೈ ತನ್ನ ಕ್ರಮ ಬಿಡಲಿಲ್ಲ. ಥರ್ಮಾಮೀಟರಿನ ಉಪ್ಪನ್ನು ಸೆರಗಿನಿಂದ ಒರೆಸಿದರು, ಹಿತ್ತಾಳೆಯ ಕೊಳವೆಗೆ ಇಳಿಸಿದರು, ಮುಚ್ಚಳ ತಿರುಪಿದರು. ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದರು. ಶಾಲನ್ನು ಎರಡು ಮಡಿಕೆ ಮಾಡಿ ತೊಟ್ಟಿಯ ಕಂಬಿಯ ಮೇಲೆ ಹಾಕಿದರು. ಅದರ ಜರಿಯಂಚು ಜಾರಿ ನೀರಿಗೆ ತಾಗಿ, ಉಪ್ಪುನೀರನ್ನು ನಿಧಾನವಾಗಿ ಹೀರಿಕೊಳ್ಳತೊಡಗಿತು. ಹಗುರವಾದ ಚೀಲವನ್ನು ಹೆಗಲಿಗೇರಿಸಿ ಹೊರಬಿದ್ದರು.

ಗೇಟಿನ ಹೊರಗೆ, ನಿನ್ನೆ ನಿಂತಿದ್ದಳೆಂದು ಹೇಳಿದ ಜಾಗದಲ್ಲಿಯೇ, ಮಲಕವ್ವ ನಿಂತಿದ್ದಳು. ಸೆರಗಿನ ತುದಿಯಲ್ಲಿ ಏನೋ ಗಂಟು.

"ಕೇತಕೀನ ಎಲ್ಲೋ ಒಯ್ದಾರಂತ, ಸಿಕ್ಕಳೇನ್ರೀ?"

"ಸಿಕ್ಕಿದ್ದಾಳೆ. ಇನ್ನೂ ಇದ್ದಾಳೋ ಇಲ್ವೋ ಗೊತ್ತಿಲ್ಲ." ಸೀತಾಲಕ್ಷ್ಮಿ ಅವಳ ಕಣ್ಣನ್ನು ನೇರವಾಗಿ ನೋಡಲು ಪ್ರಯತ್ನಿಸಿದರು. ಆಗಲಿಲ್ಲ. "ಗೆಜ್ಜೆ ಕಿತ್ತುಹಾಕಿದ್ರು ಮಲಕವ್ವಾ. ಇಟ್ಕೊಂಡಿರೋದು ನನ್ನ ತಮ್ಮನ ಶೆಡ್ಡಲ್ಲಿ."

ಸೀತಾಲಕ್ಷ್ಮಿ ಕರೆಸಿದ್ದ ಬಾಡಿಗೆ ಕಾರು ಬಂದು ನಿಂತಾಗ ಮಲಕವ್ವ ಅದರ ಬಾಗಿಲನ್ನು ತಾನೇ ತೆರೆದಳು. ಮೊದಲು ಸೀತಾಲಕ್ಷ್ಮಿಯನ್ನು ಕೂರಿಸಿ, ಆಮೇಲೆ ಪಕ್ಕದಲ್ಲಿ ತಾನು ಕುಳಿತು, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಗಂಟಿನಿಂದ ನಾಲ್ಕು ಹರಳು ಉಪ್ಪು ಸೀಟಿನ ಮೇಲೆ ಉದುರಿತು.

"ಎಲ್ಲಿಗಮ್ಮ?" ಎಂದ ಚಾಲಕ.

"ಮಾಕಳಿ. ನೈಸ್ ರೋಡ್ ಹಿಡೀರಿ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ."

ನಗರದ ಈ ತುದಿಗೆ ಜಿಗಣಿ, ಆ ತುದಿಗೆ ಮಾಕಳಿ. ಕಾರು ಗ್ರಾನೈಟ್ ಲಾರಿಗಳ ಬಿಳಿಯ ದೂಳಿನೊಳಗೆ ನುಗ್ಗಿತು. ಸೀತಾಲಕ್ಷ್ಮಿಯ ತೊಡೆಯ ಮೇಲೆ ಫೋನು ಮತ್ತೆ ಬೆಳಗಿತು. ಸುಬ್ರಹ್ಮಣ್ಯ. ಎತ್ತಿ ಕಿವಿಗಿಟ್ಟರು.

ತಮ್ಮನ ಏದುಸಿರು ಮಾತ್ರ ಕೇಳುತ್ತಿತ್ತು. ಮತ್ತು ಅದರ ಹಿಂದೆ, ಜೆಸಿಬಿಯ ಸದ್ದು ನಿಂತುಹೋಗಿತ್ತು.